ಮುಖ ನಿಲ್ಲದ ಚಿತ್ರ

ಸಮುದ್ರಕ್ಕೆ ಎಲ್ಲೆ ಹಾಕಿದ ಕರ್ತನಿಗೆ ಸ್ತೋತ್ರ. ಆತನನ್ನು ನೆನೆದೇ ಇದನ್ನು ಹೇಳುತ್ತೇನೆ... ಇಲ್ಲವಾದರೆ ನನಗೆ ಧೈರ್ಯ ಸಾಲದು.

ನಮ್ಮ ನಾಂಟಕೆಟ್ ದ್ವೀಪದಲ್ಲೇ ನಡೆದದ್ದು. ನನ್ನ ಚಿಕ್ಕಪ್ಪನ ಮಗಳು ಕೆಟೂರಾ ಪ್ರಾರ್ಥನೆ ಮುಗಿಸಿ, ಕತ್ತಲಲ್ಲಿ ಬಾವಿಯ ದಾರಿಯಾಗಿ ಮನೆಗೆ ಬರುತ್ತಿದ್ದಳು. ಹಿಂದೆ ಸದ್ದು. ಚಪ್... ಚಪ್... ನೀರು ತುಂಬಿದ ಬೂಟಿನದು. ಮಳೆ ಬಿದ್ದು ತಿಂಗಳಾಗಿತ್ತು.

ತಿರುಗಿದರೆ ಗಂಡ! ತಿಮಿಂಗಿಲ ಬೇಟೆಗೆ ಹೋಗಿ ಮೂರು ವರ್ಷವಾಗಿದ್ದ ಕ್ಯಾಪ್ಟನ್ ಶೂಬಲ್.

"ಹಡಗು ಎಲ್ರೀ?"

"ದೂರ ನಿಂತಿದೆ. ಈ ಸಲ ನಿನ್ನನ್ನೂ ಕರ್ಕೊಂಡು ಹೋಗ್ತೀನಿ. ಭಾನುವಾರದೊಳಗೆ ಹೊರಡಬೇಕು ಕಣೇ."

ಕ್ಯಾಪ್ಟನ್ನರ ಹೆಂಡತಿಯರು ಹಡಗು ಹತ್ತುವುದು ನಮ್ಮಲ್ಲಿ ಇದ್ದದ್ದೇ. ಆದರೂ ಅವಳಿಗೆ ಅನುಮಾನ. ದಡದಲ್ಲಿ ಯಾರಿಗೂ ಹಡಗು ಕಂಡಿಲ್ಲ. ಮನೆಯಲ್ಲಿ ಮೀನಿನ ಸಾರು ಬಡಿಸಿದರೆ ಅವನು ಚಮಚ ಮುಟ್ಟಲಿಲ್ಲ.

"ಹೊರಡೋ ಮುಂಚೆ ನಿಮ್ಮದೊಂದು ಚಿತ್ರ ಬರೆಸೋಣ," ಎಂದು ದಿನ ತಳ್ಳಲು ನೆಪ ಹೂಡಿದಳು.

ಊರೂರು ಸುತ್ತಿ ಕ್ಯಾಪ್ಟನ್ನರ ಚಿತ್ರ ಬರೆಯುವ ಈನೋಸ್ ಬಂದ. ಕೋಟು, ಗುಂಡಿ, ಕೈಯಲ್ಲಿ ದುರ್ಬೀನು, ಹಿಂದಿನ ಕಿಟಕಿಯಲ್ಲಿ ಹಡಗು, ಎಲ್ಲ ಚಳಿಗಾಲದಲ್ಲೇ ಬರೆದಿಟ್ಟು ಒಣಗಿಸಿರುತ್ತಿದ್ದ. ಮುಖ ಮಾತ್ರ ಬಾಕಿ.

"ಅಲ್ಲಾಡ್ಬೇಡಿ ಕ್ಯಾಪ್ಟನ್ನರೇ. ಹೊಟ್ಟೆ ಆಗಲೇ ಬರ್ದಾಗಿದೆ, ನಿಮ್ಮದಕ್ಕಿಂತ ದೊಡ್ಡದೇ!"

ಶೂಬಲ್ ನಗಲಿಲ್ಲ. ಕಣ್ಣೂ ಮಿಟುಕಿಸಲಿಲ್ಲ.

ಸಂಜೆಗೆ ಮುಖ ಮೂಡಿತು. ಅವನದೇ. ಬೆಳಿಗ್ಗೆ ನೋಡಿದರೆ... ಕಾಲರಿನ ಮೇಲೆ ಬರೀ ಕ್ಯಾನ್ವಾಸ್. ಬಣ್ಣವೆಲ್ಲ ನೆಲಕ್ಕೆ ಇಳಿದಿತ್ತು. ಮತ್ತೆ ಬರೆದ. ಮತ್ತೆ ಹಾಗೇ.

ಈನೋಸ್ ಅವಳನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ. "ಅಮ್ಮಾವ್ರೇ, ಎಣ್ಣೆ ಬಣ್ಣ ಒದ್ದೇಲಿ ನಿಲ್ಲೋದಿಲ್ಲ."

"ಒದ್ದೆ ಎಲ್ಲಿದೆ?"

"ಕೋಟು ಒಣಗೇ ಇದೆ. ಮುಖದ ಜಾಗ ಮಾತ್ರ... ಒರೆಸಿದಷ್ಟೂ ಒದ್ದೆ. ಅವ್ರ ಜೊತೆ ಹೋಗ್ಬೇಡಿ."

ಕೆಟೂರಾ ಬೈಬಲನ್ನು ಎದೆಗವಚಿಕೊಂಡು ಗಂಡನೆದುರು ಬಾಗಿಲಲ್ಲಿ ನಿಂತಳು. "ನಾನು ಬರಲ್ಲ. ಕರ್ತನ ಹೆಸರಲ್ಲಿ ಹೇಳ್ತೀನಿ... ನೀವು ಹೋಗಿ."

ಅವನು ಸಿಟ್ಟಾಗಲಿಲ್ಲ. "ಒಬ್ಬನೇ ಹೋಗ್ಲಾ?" ಅಂದ, ಅಷ್ಟೆ.

ಅವಳು ಅಳುತ್ತಲೇ ಹ್ಞೂಂ ಎಂದು ತಲೆಯಾಡಿಸಿದಳು. ಚಪ್... ಚಪ್... ಸದ್ದು ಬಂದರಿನತ್ತ ಇಳಿಯಿತು. ಆ ದಿನ ಒಂದು ದೋಣಿಯೂ ಹೊರಡಲಿಲ್ಲ.

ಬೇಸಿಗೆಯಲ್ಲಿ ಬೇರೆ ಹಡಗು ಸುದ್ದಿ ತಂದಿತು. ಶೂಬಲ್ ಬೇಟೆಗೆ ಹೋದ ಮೊದಲ ಚಳಿಗಾಲದಲ್ಲೇ ನೀರುಪಾಲಾಗಿದ್ದ. ದೇವರು ಅವನಿಗೆ ವಿಶ್ರಾಂತಿ ಕೊಡಲಿ.

ಚಿತ್ರ ಈಗಲೂ ಅವಳ ಒಲೆಗೂಡಿನ ಮೇಲಿದೆ. ಕೋಟಿದೆ, ದುರ್ಬೀನಿದೆ, ಮುಖವಿಲ್ಲ. ಕೆಳಗೊಂದು ಬಟ್ಟಲಿಟ್ಟಿದ್ದಾಳೆ. ಟಪ್... ಟಪ್... ಬೆಳಗಾದರೆ ತುಂಬಿದ ನೀರನ್ನು ಚೆಲ್ಲಬೇಕು. ನಾನೇ ಚೆಲ್ಲಿದ್ದೇನೆ. ಬೆರಳು ನೆಕ್ಕಿ ನೋಡಿದ್ದೇನೆ, ಉಪ್ಪು. ನಿಜವಾಗಿ ನಡೆದದ್ದು.

ಕೇಳಿದ ನಿಮ್ಮೆಲ್ಲರ ಮನೆಯಿಂದ ಹೊರಟವರು ಒಣಗಿದ ಬಟ್ಟೆಯಲ್ಲಿ ಮನೆ ಸೇರಲಿ. ಆಮೆನ್.