ಗೋಡೆಯ ಮೇಲಿನ ಬೊಚ್ಚುಬಾಯಿ

ಬಡ ಮುದುಕರಿಗೆ ನೆರವು ಕೊಡುವ ಟ್ರಸ್ಟಿನ ವರಾಂಡ. ಸರದಿಗೆ ಕಾದಿದ್ದ ಮುದಿ ದರ್ಜಿಯ ಪಕ್ಕ ಅಕ್ಕತಂಗಿಯರಿಬ್ಬರು ಬಂದು ಕೂತರು. ಎದುರುಗೋಡೆಯಲ್ಲಿ, ದೇಣಿಗೆ ಕೇಳುವ ಬರಹದ ಮೇಲೆ, ಅಕ್ಕನದೇ ದೊಡ್ಡ ಫೋಟೋ. ಬೊಚ್ಚುಬಾಯಿ ತುಂಬ ನಗು.

“ಅಕ್ಕಾ, ಹಲ್ಲುಸೆಟ್ಟು ಕೇಳ್ತೀಯಲ್ಲ, ಕೊಡ್ತಾರಾ?”

“ಯಾಕೆ ಕೊಡಲ್ಲ?”

“ಆ ಬಾಯಿ ನೋಡೇ ಜನ ದುಡ್ಡು ಹಾಕ್ತಿರೋದು. ನಿಂಗೆ ಹಲ್ಲು ಕೊಟ್ಟು, ಹಾಲು ಕೊಡೋ ಹಸು ಕಳ್ಕೊಳ್ತಾರಾ?”

“ಹೌದಲ್ಲೇ. ಹಾಲೆಲ್ಲ ಅವರಿಗೆ, ಹಸುಗೆ ವರ್ಷಕ್ಕೊಂದು ಕಂಬಳಿ.”

“ಇವತ್ತು ಹೊಸ ಫೋಟೋ ಬೇರೆ ತೆಗೀತಾರಂತೆ.”

“ತೆಗೀಲಿ. ಹಲ್ಲು ಬರೋವರೆಗೂ ನಾನು ನಗಲ್ಲ.”

ಒಳಗಿಂದ ಕರೆ ಬಂತು. ಅಕ್ಕ ಎದ್ದವಳೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

“ಈಗ್ಲೇ ಯಾಕೆ ಮುಚ್ಕೋತೀಯ?”

“ನಗಲ್ಲ ಅಂದಾಗ ಅವರ ಮುಖ ಹೇಗಾಗುತ್ತೋ ನೆನೆಸ್ಕೊಂಡ್ರೆ ನಗು ತಡೆಯೋಕಾಗ್ತಿಲ್ಲ ಕಣೇ,” ಎನ್ನುತ್ತಲೇ ಒಳಗೆ ಹೋದಳು.