ಇಪ್ಪತ್ತೈದು ತೂತಿನ ಎರಡು ಪೋರ್ಟು

...ಅದಲ್ಲವಾ ನಂದಾ, ಅದು ಕೀಬೋರ್ಡಿಂದು! ಆ ಸಣ್ಣದು, ದುಂಡಂದು... ಯಾಕ ನಗಾಕತ್ತಿ? ಪಣಜ್ಯಾಗ ಮಂದಿಗೆ ಕಂಪ್ಯೂಟರ್ ಕಲಸಾಕಿ ನೀನು, ಮಿಕ್ಸರ್ ರಿಪೇರಿ ಮಾಡೋ ಈ ದಾವಲಮಲಿಕ ಕಾಕಾ ನಿನಗ ಪಾಠ ಹೇಳಾಕತ್ತಾನಂತ ನಗು ಬಂತೇನ? ನಗು, ನಗು. ಆದ್ರ ಇಂಥಾ ಹಳೇ ಕಂಪ್ಯೂಟರಿನ ಹೊಟ್ಟಿ ಬಿಚ್ಚಿ ನೋಡಿದಾವ ಈ ಸಡಾ ಓಣ್ಯಾಗ ನಾ ಒಬ್ಬನ ಉಳದೇನಿ.

ಬರಕೋ ಮತ್ತ, ಹಿಂದಿನ ಒಂದೊಂದ ಪೋರ್ಟಿನ ಹೆಸರ ಹೇಳ್ತೇನಿ. ಇದು ನೋಡು, ಮೂರು ದಪ್ಪ ಕಣ್ಣು, ನಡುವ ಸಣ್ಣ ಸಣ್ಣ ಪಿನ್ನು. ಇದು ಟೀವ್ಹಿಗೆ... ಅಂದ್ರ ಮಾನಿಟರಿಗೆ. ಈಗಿನ ಯಾವ ವೈರೂ ಇದಕ್ಕ ಕೂಡಂಗಿಲ್ಲ. ಇದು, ಜಾರೋ ಪಟ್ಟಿ ಇದ್ದದ್ದು, ನೆಟ್‌ವರ್ಕಿಂದು. ಹೆಬ್ಬಟ್ಟಿನಷ್ಟು ದಪ್ಪ ವೈರ್ ಬರತಿತ್ತು ಆಗ. ನಿನ್ನ ಹುಡುಗ್ರು ನಂಬಂಗಿಲ್ಲ, ಹೌದಿಲ್ಲೋ?

ಅಲ್ಲ, ಇದನ್ನ ಎಲ್ಲಿಂದ ತಂದಿ? ...ರಫೀಕನ ಗುಜರಿಯಿಂದ? ಯಾವ ಆಫೀಸಿಂದು ಅಂತ ಹೇಳಿದ್ನೇನ ಅವ? ...ಹೇಳಿಲ್ಲ. ಹೂಂ. ಚಲೋ ಆತು. ಹಂಗಂದ್ರ... ಏನಿಲ್ಲ, ಸುಮ್ಮ ಕೇಳಿದ್ನಿ. ವಾಪಸ್ ಕೊಟ್ಟುಬಿಡು. ಸತ್ತ ಮಷಿನ್ ಇದು, ಇದ್ರಾಗ ಏನೂ ಇಲ್ಲ. ನಾ ಬ್ಯಾರೇದ ಹುಡುಕಿ ಕೊಡ್ತೇನಿ.

ಹಂಗ್ಯಾಕ ನೋಡ್ತಿ? ...ಆತು. ಹೇಳ್ತೇನಿ. ಇಂದಿಲ್ಲಾ ನಾಳೆ ಆ ರಫೀಕ ಬಾಯಿ ಬಿಡಾಂವನ ಅದಾನ. ನಿಮ್ಮಪ್ಪ ಕಸಾ ಹೊಡೀತಿದ್ನಲ್ಲ, ಬಂದರದ ಹಂತ್ಯಾಕ, ಪರ್ವೇಜ ಸಾಹೇಬನ ಸರ್ವೇ ಆಫೀಸು... ಅಲ್ಲಿಂದು ಇದು. ಇದ ಆ ಮಷಿನ್ನು. ಮೂಲ್ಯಾಗ ನೋಡು, ಬಿಳೇ ಬಣ್ಣದಾಗ ಏಳಂತ ನಂಬರ್. ಆಗ ಅಲ್ಲಿ ಮಷಿನ್ ನೋಡಿಕೊಳ್ಳಾಂವ ನಾನ ಅಲ್ಲೇನ, ನಾನ ಬರದಿದ್ನಿ.

ಹೌದವಾ, ನೀರ ಬಿದ್ದಿದ್ದು ಇದರ ಮ್ಯಾಲೆನ. ಬಿದ್ದಿದ್ದು ಅಂತ... ಹಂಗಂತಾರ. ನಿಮ್ಮಪ್ಪ ಫರಸಿ ಒರಸಾಕ ಬಕೀಟ ತಂದಿದ್ದ, ಸಿಡೀತು, ಮಷಿನ್ ಸುಟ್ಟಿತು, ಆರು ತಿಂಗಳ ನಕ್ಷೆ ಹೋತು. ನೀನೂ ಸಣ್ಣಾಕಿದ್ದಾಗಿಂದ ಕೇಳಿದ್ದ ಕಥಿ. ನಾ ಅವತ್ತ ಇರಲಿಲ್ಲ. ಮರದಿನಾ ಬಂದ್ನಿ. ನಾ ಬರೂದ್ರಾಗ ಎಲ್ಲಾ ಮುಗದಿತ್ತು.

ಪಾಠ ಮುಗಸೂಣ. ಉಳದಾವು ಇವೆರಡ. ಎಣಿಸು ಬೇಕಾದ್ರ, ಇದಕ್ಕೂ ಇಪ್ಪತ್ತೈದ ತೂತು, ಅದಕ್ಕೂ ಇಪ್ಪತ್ತೈದ. ಅಗಲ ಒಂದ, ಎರಡೂ ಕಡೆ ಸ್ಕ್ರೂ ಒಂದ. ಹೆಸರಿಲ್ಲ, ಬಣ್ಣಿಲ್ಲ. ಮಾಡಿದಾವಗ ಬುದ್ಧಿ ಬ್ಯಾಡೇನ? ಒಂದು ಪ್ರಿಂಟರಿಂದು. ಇನ್ನೊಂದು ಹೊರಗಿನ ಡಿಸ್ಕಿಂದು, ಸ್ಕಜಿ ಅಂತಿದ್ರು ಅದಕ್ಕ. ಪ್ರಿಂಟರಿನ ವೈರ್ ಒಯ್ದು ಡಿಸ್ಕಿನ ಪೋರ್ಟಿಗೆ ಹಚ್ಚಿದ್ರೂ ಗಚ್ಚಂತ ಕೂಡತೈತಿ! ಒಂಚೂರೂ ತಕರಾರ ಮಾಡಂಗಿಲ್ಲ. ಅದ ನೋಡು ಘಾತ. ಎಡಗಡೆ ಸ್ಕ್ರೂ ತಿರುವತಿ, ಆರಾಮ. ಬಲಗಡೆದು ಅರ್ಧಾ ತಿರುವೂದ್ರಾಗ ಒಳಗ ಚಟ್ ಅಂತೈತಿ. ಆಮ್ಯಾಲ ಕೂದಲಾ ಸುಟ್ಟಂಥಾ ವಾಸನಿ. ಪರದೆದ ಮ್ಯಾಲಿನ ನಕ್ಷೆ ಹಂಗ... ಹಂಗ ನಿಂತಬಿಡತೈತಿ. ಬಾಗಲದಾಗ ಬಕೀಟ ಹಿಡಕೊಂಡು ನಿಮ್ಮಪ್ಪ, ಏನಾತೋ ಮಲಿಕಾ ಅಂತ...

ಬರಕೊಳ್ಳೂದ ಯಾಕ ಬಿಟ್ಟಿ?

ನಂದಾ? ಪೆನ್ನ ಯಾಕ ಕೆಳಗಿಟ್ಟಿ? ಅಲ್ಲ... ನಾ ಹೇಳಿದ್ದು, ಹಂಗ ಆಗತೈತಿ ಅಂತ... ಯಾರಿಗ್ಯಾದ್ರೂ ಆಗತೈತಿ... ಮಂದಿ ಹೇಳಿದ್ದು ಕೇಳೇನಿ ನಾನು...

ತೌಬಾ. ತೌಬಾ. ಏನ ಅಂದ್ನಿ ನಾನು?

ಇದ್ನಿ. ಹೌದು, ಅವತ್ತ ನಾ ಇದ್ನಿ. ಮುಂಜಾನಿ ಎಂಟೂವರಿ. ಹೊಸಾ ಪ್ರಿಂಟರ್ ಹಚ್ಚಾಕ ಕರದಿದ್ರು. ಮಷಿನ್ ಬಂದ್ ಮಾಡಿ ಹಚ್ಚಬೇಕು, ಮಾಡಲಿಲ್ಲ. ಯಾವ ಪೋರ್ಟಂತ ಪುಸ್ತಕ ನೋಡಬೇಕು, ನೋಡಲಿಲ್ಲ. ನನಗ ಗೊತ್ತಿಲ್ಲದ ವೈರ್ ಯಾವದೈತಿ ಅನ್ನೋ ಸೊಕ್ಕು! ಸಾಹೇಬ ಒಳಗ ಬಂದ, ಸುಟ್ಟ ವಾಸನಿ ನೋಡಿದ, ನೆಲದ ಮ್ಯಾಲೆ ನೀರ ನೋಡಿದ, ಬಕೀಟ ನೋಡಿದ. ಅವನ ಅಂದ, ನೀರ ಹೊಕ್ಕೈತೇನ ಅಂತ. ನಾ... ನಾ ಹೂಂ ಅಂದ್ನಿ. ಅಷ್ಟ. ಒಂದ ಹೂಂ. ನನ್ನ ಮಗಳು ಸಮ್ರೀನ ಆಗ ಎರಡು ತಿಂಗಳ ಕೂಸು, ನನ್ನ ಕೆಲಸ ಹೋದ್ರ... ಇಲ್ಲ, ಅದನ್ನ ನೆಪಾ ಹೇಳಂಗಿಲ್ಲ. ನೀನೂ ಆಗ ಕೂಸನ ಇದ್ದಿ.

ಕೆಟ್ಟದ್ದು ಅದಲ್ಲ ನಂದಾ. ಇನ್ನೂ ಕೆಟ್ಟದ್ದೈತಿ. ಸಾಹೇಬ ಪೊಲೀಸರಿಗೆ ಕೊಡ್ತೇನಿ ಅಂದಾಗ, ಬ್ಯಾಡ್ರಿ ಪಾಪ ಬಡವ ಅಂತ ನಾನ ಅಡ್ಡ ಬಂದ್ನಿ! ನಾನ! ನಿಮ್ಮಪ್ಪ ನನ್ನ ಕಾಲ ಹಿಡದ. ನನ್ನ ಕೈಯಿಂದ ತಪ್ಪಾತು ಮಲಿಕಾ, ನೀ ಉಳಿಸಿದಿ ಅಂದ. ನೀರ ಸಿಡೀತೋ ಇಲ್ಲೋ ಅವಗೂ ಗೊತ್ತಿರಲಿಲ್ಲ. ಆದ್ರೂ, ಸಿಡದಿರಬೇಕು ಅಂತ ನಂಬಿಬಿಟ್ಟ. ಓದಿದ ಮನಷ್ಯಾ ನಾ ಹೂಂ ಅಂದಿದ್ನೆಲ್ಲ.

ಆಫೀಸಿನ ಕೆಲಸ ಹೋತು, ಆಮ್ಯಾಲ ಹಮಾಲಿಗೆ ಹೋದ. ಬೆನ್ನ ಹೋತು. ಪ್ರತಿ ವರ್ಷಾ ಪಂಚಮಿಗೆ ನಿಮ್ಮವ್ವ ಫಕೀರವ್ವ ನಮ್ಮ ಮನಿಗೆ ಉಂಡಿ ಕಳಸ್ತಾಳ. ನಿಮ್ಮ ಕಾಕಿ ಅಮೀರಬಿ ತಾಟಿನ್ಯಾಗ ಹಾಕಿ ಕೊಡ್ತಾಳ, ಮಾನಪ್ಪನ ಮನ್ಯಾವು ತಿನ್ರಿ ಅಂತ. ತಿಂದೇನಿ ನಂದಾ. ಎಲ್ಲಾ ವರ್ಷ ತಿಂದೇನಿ. ನಾಚಿಕಿಗೇಡಿ ನಾನು.

ಬೈಯವಾ. ಚಪ್ಪಲಿ ತಗೋ. ನಿನಗ ಮೊದಲ ಗೊತ್ತಿತ್ತು, ಹೌದಿಲ್ಲೋ? ಬೇಕಂತ ಈ ಮಷಿನ್ ಹೊತಗೊಂಡು ಬಂದಿ? ...ಇಲ್ಲ? ಬರೇ ಪೋರ್ಟಿನ ಹೆಸರ ಕೇಳಾಕ ಬಂದಿದ್ದೀ? ಯಾ ಅಲ್ಲಾ.

ಫೋನ್ ಯಾರಿಗೆ ಹಚ್ಚಾಕತ್ತಿ? ...ನನ್ನ ಕೈಗ್ಯಾಕ ಕೊಡ್ತಿ? ನಾಳೆ ಮನಿಗೆ ಬಂದು ಹೇಳ್ತೇನಿ... ಖರೇನ ಬರ್ತೇನಿ... ಆತು, ಆತು, ಕೊಡು.

ಹಲೋ... ಮಾನಪ್ಪಾ? ನಾನಪಾ, ಮಲಿಕ. ...ಆರಾಮದೇನಿ. ನಂದಾ ಇಲ್ಲೇ ಅದಾಳ. ಬೆನ್ನ ಹ್ಯಾಂಗೈತಿ? ...ಮಾನಪ್ಪಾ, ಒಂದು ಮಾತ ಕೇಳು. ಆ ಆಫೀಸಿನ ಮಷಿನ್ನು, ಏಳು ನಂಬರ್... ನೀರಲ್ಲೋ. ನಿನ್ನ ನೀರ ಅದಕ್ಕ ಮುಟ್ಟೇ ಇರಲಿಲ್ಲ. ನಾ ಸುಟ್ಟಿದ್ದು. ವೈರ್ ತಪ್ಪ ಹಚ್ಚಿದ್ನಿ, ಅದನ್ನ ನಿನ್ನ ಮ್ಯಾಲೆ ಬರಾಕ ಬಿಟ್ನಿ. ...ಏನಂದಿ? ...ಇಲ್ಲೋ ಮಾರಾಯಾ, ನಿನ್ನ ಸಮಾಧಾನಕ್ಕ ಹೇಳಾಕತ್ತಿಲ್ಲ! ಅಳಬ್ಯಾಡೋ... ಖರೇನ ನಾನ...

ನಂದಾ, ನಂಬವಲ್ಲ ನೋಡು ನಿಮ್ಮಪ್ಪ. ಆ ತಪ್ಪೂ ನಿನ್ನ ಮ್ಯಾಲ ಹಾಕೊಳ್ತಿಯೇನೋ ಮಲಿಕಾ, ಎಷ್ಟ ದೊಡ್ಡ ಮನಸೋ ನಿಂದು ಅನ್ನಾಕತ್ತಾನ. ತಗೋ, ನೀನರ ಹೇಳು. ನಂದಾ... ತಗೊಳವಾ... ಮಾತಾಡವಾ...