ಗು ಮೇಸ್ತ್ರಿಯ ಚಿತ್ರಸುರುಳಿ

...ಅಯ್ಯೋ, ಇನ್ನೂ ನಿಂತೇ ಇದ್ದೀಯಲ್ಲಮ್ಮ! ಗಂಡನ ಕುಂಚ ತಗೊಂಡು ಹೋಗೋಕೆ ಬಂದವಳು, ತಗೊಂಡು ಹೋಗು. ಅದೋ, ಗೋಡೆ ಪಕ್ಕ ಗಂಟು ಕಟ್ಟಿಟ್ಟಿದ್ದೀನಿ. ಒಂದು ಹಿಡಿ ಕುಂಚ, ಹತ್ತಿ ತುಂಬಿದ ಹಳೇ ಅಂಗಿ. ಪಾನ್ ಯೂ ಬಿಟ್ಟುಹೋದ ಆಸ್ತಿ ಅಷ್ಟೇ!

ಏನು ಹಾಗೆ ನೋಡ್ತೀಯಾ? ಸತ್ತವನ ಬಗ್ಗೆ ಹೀಗೆಲ್ಲ ಆಡಬಾರದು ಅಂತಲಾ? ಇರೋದನ್ನ ಹೇಳಿದೆ. ಆರು ವರ್ಷ ನನ್ನ ಹತ್ರ ಮಸಿ ಅರೆದ. ಅರೆಯೋದು, ಕೆಮ್ಮೋದು... ಕೆಮ್ಮೋದು, ಅರೆಯೋದು! ನಿನಗೆ ಬೇರೆ ಏನೋ ಹೇಳಿ ಕಳಿಸಿರ್ಬೇಕು. ತಾನು ದೊಡ್ಡ ಚಿತ್ರಗಾರ ಅಂತ? ಹ್ಹ!

ಬಾ ಇಲ್ಲಿ. ಚಿತ್ರ ಅಂದ್ರೆ ಇದು! ಹದಿನೆಂಟು ಮೊಳ ರೇಷ್ಮೆ. ಇಡೀ ಸೂಚೌ ಪಟ್ಟಣ ಇದರೊಳಗಿದೆ. ದೋಣಿಯವರು, ಹಂದಿ ಕಡಿಯೋನು, ಕಿವಿ ಗುಗ್ಗೆ ತೆಗೆಯೋನು, ಸೇತುವೆ ಮೇಲೆ ದಾರಿಗಾಗಿ ಕಿತ್ತಾಡ್ತಿರೋ ಪಲ್ಲಕ್ಕಿಯವರು... ಎಂಟುನೂರು ಜನ! ಒಬ್ಬೊಬ್ಬರನ್ನೂ ಈ ಗು ತಿಂಗ್‌ಯಾನ್ ಬರೆದದ್ದು. ನಾಳೆ ಪ್ರಾಂತ್ಯಾಧಿಕಾರಿಗಳ ಮನೆಗೆ ಹೋಗುತ್ತೆ. ಬಿಚ್ಚಿ ನೋಡು, ಪರವಾಗಿಲ್ಲ. ಕೈ ತೊಳ್ಕೊಂಡಿದ್ದೀಯ ತಾನೆ? ರೇಷ್ಮೆ ಹುಳ ಸಾಕೋ ಕೈ...

ಯಾಕೆ ಅಲ್ಲೇ ನಿಲ್ಲಿಸಿದೆ? ಮುಂದೆ ಬಿಚ್ಚು, ಪೇಟೆ ಬರುತ್ತೆ. ಅಲ್ಲೇನಿದೆ ಮಣ್ಣು! ಯಾವಳೋ ಬಾಗಿಲಲ್ಲಿ ಕೂತು ಮಗಳ ತಲೆ ಬಾಚ್ತಿದ್ದಾಳೆ. ಏನು, ಬಾಚಣಿಗೆನ ಮಗು ಯಾಕೆ ಹಿಡ್ಕೊಂಡಿದೆ ಅಂತಲಾ? ಹಿಡ್ಕೊಳ್ಳದೆ ಅವಳು ಬಾಚಿಸ್ಕೊಳ್ಳೋದೇ ಇಲ್ಲ! ಅಮ್ಮನ ಕೈ ಜತೆ ತನ್ನ ಕೈಯೂ ಇರ್ಬೇಕು, ಇಲ್ಲಾಂದ್ರೆ ಕೇರಿಯವರೆಲ್ಲ ಓಡಿ ಬರೋ ಹಾಗೆ ಕಿರುಚ್ತಾಳೆ ಲಿಯೆನ್...

...ಲಿಯೆನ್ ಅಂದ್ನಾ? ಹೆಸರು... ಸುಮ್ನೆ ಬಾಯಿಗೆ ಬಂತು. ಅವನೇ ಯಾವಾಗ್ಲೋ ಹೇಳಿರ್ಬೇಕು, ಬರೀವಾಗ... ಅಂದ್ರೆ, ಅರೀವಾಗ! ಮಸಿ ಅರೀವಾಗ!

ಏನಂದೆ? ಒಂದ್ಸಲ ಊರಿಗೆ ಬರೋಕೆ ಅವನು ರಜೆ ಕೇಳ್ಲೇ ಇಲ್ವಾ ಅಂತಲಾ?

ಹೌದು, ಕೇಳ್ದ. ಊರಿಗೆ ಹೋಗಿ ಮಗಳು ಲಿಯೆನ್‌ನ ಒಂದ್ಸಲ ನೋಡ್ಕೊಂಡು ಬರ್ತೀನಿ ಅಂತ ಕೇಳ್ದ. ಸುರುಳಿ ಮುಗಿಸಿ ಹೋಗು ಅಂದೆ. ಏನು ಮಾಡ್ಲಿ? ನನ್ನ ಕೈ ನಡುಗೋಕೆ ಶುರುವಾಗಿ ನಾಲ್ಕು ವರ್ಷ ಆಯ್ತು. ಒಂದು ನೆಟ್ಟಗಿನ ಗೆರೆ ಎಳೆಯೋಕಾಗಲ್ಲ... ಇಗೋ, ನೋಡು.

ಸೇತುವೆ ಅವನದು. ಪೇಟೆ ಅವನದು. ಎಂಟುನೂರು ಜನಾನೂ ಅವನೇ ಬರೆದದ್ದು. ಆ ಕೊನೇಲಿ ಕೆಂಪಗೆ ಒತ್ತಿದೆಯಲ್ಲ, ಮುದ್ರೆ... ಅದೊಂದು ನನ್ನದು.